ಮೇಜಿನ ಮೇಲಿನ ಕೆಂಪು ಚೀಟಿ

ವಾರಕ್ಕೊಂದು ಅಂಕಣ ಬರೆದು ಸರ್ಕಾರದ ನಿದ್ದೆ ಕೆಡಿಸುವ ನನಗೆ ಸ್ವಂತ ಮಗಳ ಬಾಯಿಂದ ಒಂದು ಮಾತು ಹೊರಡಿಸಲು ಆಗಲಿಲ್ಲ. (ಸರ್ಕಾರದ ನಿದ್ದೆಯೂ ಕೆಟ್ಟಿಲ್ಲ ಎಂಬುದು ನನ್ನ ಹೆಂಡತಿ ಶೇವಂತಾಬಾಯಿಯ ಅಭಿಪ್ರಾಯ.)

ಬರಗಾಲದ ಆ ವರ್ಷ ನಮ್ಮೂರು ಎಕಂಬಾದ ಬಾವಿಗಳು ಬತ್ತಿದವು. ಮಗಳು ಮೀರಾಳ ಗೆಳತಿಯರು ಹೆತ್ತವರ ಹಿಂದೆ ಹೈದರಾಬಾದಿಗೆ ಗಾರೆ ಕೆಲಸಕ್ಕೆ ಹೋದರು. ನಾವು ಬೀದರಿಗೆ ಬಂದೆವು. ಅಂದಿನಿಂದ ಮೀರಾ ಮಾತು ಬಿಟ್ಟು ಬರೀ ತಲೆಯಾಡಿಸುತ್ತಿದ್ದಳು. ಡಾಕ್ಟರರು ಔಷಧಿ ಬರೆಯದೆ ಆಟವೊಂದನ್ನು ಹೇಳಿದರು: ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದು ಪಾತ್ರ ವಹಿಸಿ, ದಾಳ ಎಸೆಯುತ್ತ ಬಾಯಿಮಾತಿನಲ್ಲೇ ಕಥೆ ಕಟ್ಟುವುದು.

"ಆದರ ಮಂದಿ ಛಲೋ ಇರಬೇಕ್ರಿ. ಹೆದರಿಸೋರು, ನಗೋರು ಇದ್ದಲ್ಲಿ ಆಕಿನ್ನ ಬಿಡಬ್ಯಾಡ್ರಿ" ಎಂದರು.

ಮೊದಲು ಭಾಲ್ಕಿಗೆ ಹೋದೆವು. ಅಂಗಡಿಯೊಂದರ ಮಾಳಿಗೆಯಲ್ಲಿ ಹುಡುಗರ ಗುಂಪು. ಮೀರಾ ವೈದ್ಯೆಯ ಪಾತ್ರಕ್ಕೆ ಬೆರಳು ತೋರಿಸಿದಳು. "ಹೊಸಬರು ಮೊದಲ ಸಾಯಬೇಕು, ನಮ್ಮ ರಿವಾಜ್" ಎಂದು ನಕ್ಕು, ಮೊದಲ ದಾಳಕ್ಕೇ ಅವಳನ್ನು ಹುಲಿಯ ಬಾಯಿಗೆ ಹಾಕಿದರು. ಮರಳುವ ಬಸ್ಸಿನಲ್ಲಿ ತಲೆಯಾಡಿಸುವುದೂ ನಿಂತಿತ್ತು. ಬಿಡುತ್ತೇನೆಯೇ? ಮರುವಾರದ ಅಂಕಣದಲ್ಲಿ ಆ ಮಾಳಿಗೆಯನ್ನು ಸುಟ್ಟು ಬೂದಿ ಮಾಡಿದೆ.

"ಮೀರಾಗ ಕೇಳಿ ಬರದೀರೇನು?" ಎಂದಳು ಶೇವಂತಾಬಾಯಿ.

"ಆಕಿ ಮಾತಾಡಂಗಿಲ್ಲಲ್ಲ."

"ಮಾತಾಡ್ಲಾಕ ಜಾಗಾ ಎಲ್ಲಿ ಬಿಟ್ಟೀರಿ?"

ಕೊನೆಗೆ ಬೀದರಿನಲ್ಲೇ ಗೌಸೋದ್ದೀನ ಸರ್ ಸಿಕ್ಕರು. ಮನಸ್ಸು ಭಾರವಾದವರಿಗೆಂದೇ ಈ ಆಟ ನಡೆಸುವ ಆಪ್ತಸಮಾಲೋಚಕರು. ಅವರ ಮೇಜಿನ ನಡುವೆ ಒಂದು ಕೆಂಪು ಚೀಟಿ.

"ಯಾರಿಗೆ ಮಾತು ಚುಚ್ಚಿದ್ರೂ ಇದನ್ನ ಮುಟ್ಟೋದು. ಮಾತು ಅಲ್ಲೇ ಬಂದ್. ಯಾಕಂತ ಯಾರೂ ಕೇಳಂಗಿಲ್ಲ."

"ಯಾಕ ಕೇಳಬಾರದು?" ಎಂದೆ. "ಗುಂಪಿನ ತಪಾಸಣಿ ಮಾಡದೇ ಮಗಳನ್ನ ಬಿಡಂಗಿಲ್ರಿ."

"ಹಂಗಾರ ನೀವೂ ಕೂಡ್ರಿ, ಮಾಣಿಕರಾವ್. ಇಲ್ಲಿ ನೋಡೋರಿಲ್ಲ, ಆಡೋರಷ್ಟೇ."

ಕಥೆಯಲ್ಲಿ ಬಾವಿ ಬತ್ತಿದ ಒಂದು ಊರು. ಜನ ಗಂಟು ಕಟ್ಟಿದ್ದಾರೆ. ಮೀರಾ ನೀರು ಹುಡುಕುವವಳು. ಗುಂಪಿನಲ್ಲಿದ್ದ ಅಕ್ತರಬೀ ಎಂಬ ಹೆಂಗಸಿನದು ಗಾಡಿ ಹೊಡೆಯುವವಳ ಪಾತ್ರ; ಅವರ ಮಕ್ಕಳೆಲ್ಲ ನಿಜವಾಗಿಯೂ ದುಡಿಯಲು ಪರವೂರಿಗೆ ಹೋಗಿದ್ದರು. ನಾನು ಗೌಡ. ದಾಳ ಉರುಳುವ ಮೊದಲೇ ಎದ್ದು ನಿಂತು "ಮಹಾಜನಗಳೇ" ಎಂದೆ. ಕೆರೆಯ ಹೂಳು, ಗುತ್ತಿಗೆದಾರರ ಹೊಟ್ಟೆ, ದಿಲ್ಲಿಯ ಕಿವುಡು, ಯಾವುದನ್ನೂ ಬಿಡಲಿಲ್ಲ. ಅಕ್ತರಬೀ ಬಾಯಿ ತೆರೆದರು. "ನಿಮ್ಮ ಸಂಕಟಕ್ಕ ನಾ ದನಿ ಆಗ್ತೇನಿ, ಕೂಡ್ರಿ" ಎಂದೆ. ಅವರು ಚೀಟಿ ಮುಟ್ಟಿದರು. ಅವರಿಗೆ ಯಾವ ಮಾತು ಚುಚ್ಚಿತೆಂದು ಅವರಿಗೇ ವಿವರಿಸತೊಡಗಿದೆ.

"ಚೀಟಿ, ಮಾಣಿಕರಾವ್," ಎಂದರು ಸರ್.

"ಒಂದ ನಿಮಿಷ್ರಿ, ದನಿ ಇಲ್ಲದವರ ಬಗ್ಗೆನೇ ಹೇಳ್ಲಾಕತ್ತೀನಿ."

ಮೀರಾ ಎದ್ದು ಚೀಟಿ ತೆಗೆದು ನನ್ನ ಮುಖದೆದುರು ಹಿಡಿದಳು.

"ಅಪ್ಪಾ, ಸಾಕು. ನೀರು ಹುಡುಕಾಕಿ ನಾ. ನಾ ಹೇಳ್ತೇನಿ. ಅಕ್ತರಬೀ ಮೌಶಿ, ನೀವು ಮೊದಲ."

ಅಕ್ತರಬೀ ತಮ್ಮ ಮಾತು ಹೇಳಿದರು. ಆಮೇಲೆ ಮೀರಾ ಹೇಳಿದಳು: ನೀರು ಹುಡುಕುವವಳು ಒಂದೊಂದು ಬಾವಿಗೂ ಬಗ್ಗಿ, ಊರು ಬಿಟ್ಟ ಗೆಳತಿಯರ ಹೆಸರು ಹಿಡಿದು ಕೂಗುತ್ತಾಳೆ. ನಾನು ಜೇಬಿನಿಂದ ಪೆನ್ನು ತೆಗೆದೆ. ಸರ್ ನನ್ನತ್ತ ನೋಡಿದರು. ಪೆನ್ನು ಒಳಗಿಟ್ಟೆ.

"ತಪಾಸಣಿ ಆಯ್ತೇನ್ರಿ?" ಎಂದರು ಕೊನೆಯಲ್ಲಿ. "ಗುಂಪು ಸುರಕ್ಷಿತ ಅದ. ನೀವು ಹೊರಗ ಕೂತರ."

ಈಗ ಮೀರಾ ಒಳಗೆ ಆಡುವಾಗ ನಾನು ಮೆಟ್ಟಿಲ ಮೇಲೆ ಚಪ್ಪಲಿ ಕಾಯುತ್ತೇನೆ. ಶೇವಂತಾಬಾಯಿ ಮದುವೆ ಪತ್ರಿಕೆಯೊಂದನ್ನು ಕತ್ತರಿಸಿ ಮನೆಯಲ್ಲೂ ಒಂದು ಕೆಂಪು ಚೀಟಿ ಮಾಡಿ ರೊಟ್ಟಿ ಬುಟ್ಟಿಯ ಪಕ್ಕ ಇಟ್ಟಿದ್ದಾಳೆ. ನಿನ್ನೆ ಊಟಕ್ಕೆ ಕೂತಾಗ ಇಲ್ಲಿಯವರೆಗೆ ಬರೆದ ಈ ಅಂಕಣವನ್ನೇ ಓದಿ ಹೇಳೋಣವೆಂದು ಗಂಟಲು ಸರಿಮಾಡಿಕೊಂಡೆ. ತಾಯಿಯ ಕೈ, ಮಗಳ ಕೈ, ಎರಡೂ ಒಟ್ಟಿಗೆ ಚೀಟಿಯ ಮೇಲೆ ಬಿದ್ದವು.

ಯಾಕೆಂದು ನಾನು ಕೇಳುವಂತಿಲ್ಲ.