ಅಟ್ಟ ಹತ್ತಿದ ಅಜ್ಜ

ಕೋಪ ಬಂದಾಗ ಒಂದರಿಂದ ಹತ್ತರವರೆಗೆ ಎಣಿಸಬೇಕು ಎಂದು ಮೊದಲು ಹೇಳಿದವರು ಯಾರೋ ನನಗೆ ತಿಳಿಯದು. ಅವರು ಯಾವ ಕಾಲೇಜಿನಲ್ಲೂ ಕೆಲಸ ಮಾಡಿದವರಲ್ಲ ಎಂಬುದು ಮಾತ್ರ ಖಂಡಿತ. ನಾನು ಎಣಿಸಿ ನೋಡಿದ್ದೇನೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಕೋಪಿಸಿಕೊಳ್ಳಲು ಇನ್ನೊಂದು ಕಾರಣ ಹೊಳೆದು, ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ನನ್ನ ಯಜಮಾನರು ಹೇಳುವುದೇ ಬೇರೆ. ನನಗೆ ಕೋಪ ಬರುತ್ತದೆ ಎನ್ನುವುದು ವ್ಯಾಕರಣದೋಷವಂತೆ. ಅದು ಒಳಗೇ ಇರುತ್ತದೆ, ಆಗಾಗ ಹೊರಗೆ ಹೋಗಿ ಬರುತ್ತದೆ, ಅಷ್ಟೇ ಅಂತೆ.

ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದ ಮೇಲೆ ಕುವೆಂಪುನಗರದ ನಮ್ಮ ಮನೆಯಲ್ಲಿ ಸುಮ್ಮನೆ ಕೂರಲಾಗದೆ ಬೀದಿಯ ನಾಮಫಲಕಗಳ ಕಾಗುಣಿತ ತಿದ್ದಲು ಹೊರಟಿದ್ದೆ. 'ಹಣ್ಣಿನ ಅಂಗಡಿ'ಯನ್ನು 'ಅಣ್ಣಿನ ಹಂಗಡಿ' ಎಂದು ಬರೆಸಿದ್ದವನೊಡನೆ ನಡೆದ ಜಗಳದ ನಂತರ ಆ ಅಂಗಡಿಯಿಂದ ನಮ್ಮ ಮನೆಗೆ ಬಾಳೆಹಣ್ಣು ಬರುವುದು ನಿಂತಿತು. ಬೀದಿಯ ನೆಮ್ಮದಿಗಾಗಿ ಯಜಮಾನರೇ ಓಡಾಡಿ ನನಗೊಂದು ಕೆಲಸ ಹುಡುಕಿದರು. ಅದು ಒಂದು ಸಮುದಾಯ ಕಾಲೇಜು. ಶಾಲೆಯ ಮುಖವನ್ನೇ ನೋಡದವರಿಗೆ, ನೋಡಿಯೂ ಅರ್ಧಕ್ಕೆ ಬಿಟ್ಟವರಿಗೆ ಅಕ್ಷರವನ್ನೂ ಒಂದು ಕಸುಬನ್ನೂ ಕಲಿಸುವ ಜಾಗ. ಕೇಳಿ ನನಗೆ ಸಂತೋಷವೇ ಆಯಿತು. ಆ ಸಂತೋಷ ಗೇಟಿನಿಂದ ಪ್ರಾಂಶುಪಾಲರ ಕೋಣೆಯವರೆಗೆ ಉಳಿದಿತ್ತು.

ಅಲ್ಲಿ ಎರಡು ಕಟ್ಟಡಗಳಿದ್ದವು. ಮುಂದಿನದರಲ್ಲಿ ಅಕ್ಷರ, ಸೈಕಲ್ ಸ್ಟ್ಯಾಂಡಿನ ಆಚೆ ಹಿಂದಿನದರಲ್ಲಿ ಕಸುಬು. ಹಿಂದಿನ ಕಟ್ಟಡದಲ್ಲಿ ಹೆಂಗಸರಿಗೆ ಮನೆಗಳಲ್ಲಿ ರೋಗಿಗಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವ ಆರೈಕೆ ಸಹಾಯಕಿಯ ತರಬೇತಿ ಕೊಡುತ್ತಿದ್ದರು. ಆದರೆ ಮುಂದಿನ ಕಟ್ಟಡದಲ್ಲಿ ಓದು ಬರಹದ ಪರೀಕ್ಷೆ ಪಾಸಾಗದೆ ಹಿಂದಿನ ಕಟ್ಟಡಕ್ಕೆ ಕಾಲಿಡುವಂತಿಲ್ಲ. ಬಂದ ಹೆಂಗಸರೆಲ್ಲ ಕಸುಬಿಗಾಗಿ ಬಂದವರು. ನಾಲ್ಕು ಮನೆಯ ಪಾತ್ರೆ ತಿಕ್ಕಿ, ಒಲೆ ಹಚ್ಚಿ, ಬಸ್ಸು ಹಿಡಿದು ಬಂದರೆ, ನಾವು ಅವರನ್ನು ಮುಂಬಾಗಿಲಲ್ಲೇ ಕೂರಿಸಿ ತಿಂಗಳುಗಟ್ಟಲೆ ಅ ಆ ಇ ಈ ತಿದ್ದಿಸುತ್ತಿದ್ದೆವು. ಮದುವೆಮನೆಗೆ ಹಸಿದು ಬಂದವರನ್ನು ಚಪ್ಪರದಲ್ಲೇ ನಿಲ್ಲಿಸಿ, ಮೊದಲು ಮುತ್ತುಗದೆಲೆ ಹೊಲಿಯುವುದನ್ನು ಕಲಿಯಿರಿ ಎಂದ ಹಾಗೆ. ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸಿದರು. ಪ್ರಾಂಶುಪಾಲರು ಅದಕ್ಕೆ 'ಆಸಕ್ತಿಯ ಕೊರತೆ' ಎಂದು ಹೆಸರಿಟ್ಟಿದ್ದರು.

ನನ್ನ ತರಗತಿಯಲ್ಲಿ ಮಹದೇವಮ್ಮ ಎಂಬಾಕೆ ಇದ್ದಳು. ತಿ. ನರಸೀಪುರದ ಕಡೆಯ ಒಕ್ಕಲು ಮನೆತನದವಳು, ಈಗ ಉದಯಗಿರಿಯಲ್ಲಿ ಬಾಡಿಗೆ ಮನೆ. ಊರೆಲ್ಲ ನೆಲ ಒರೆಸಿ ಒರೆಸಿ ಮಂಡಿ ಸವೆದುಹೋಗಿತ್ತು. ನಮ್ಮ ಬಡಾವಣೆಯಲ್ಲೇ ಪಾರ್ಶ್ವವಾಯುವಾಗಿ ಮಲಗಿದ್ದ ಒಬ್ಬ ಅಜ್ಜಿಯ ಮನೆಯಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಳು. ಆ ಅಜ್ಜಿ ಅವಳ ಕೈಯಿಂದಲ್ಲದೆ ಬೇರೆಯವರಿಂದ ತುತ್ತು ತೆಗೆದುಕೊಳ್ಳುತ್ತಿರಲಿಲ್ಲವಂತೆ. ಮನೆಯವರು ತರಬೇತಿ ಮುಗಿಸಿ ಬಾ, ಅಜ್ಜಿಯನ್ನು ನಿನಗೇ ಒಪ್ಪಿಸುತ್ತೇವೆ, ಅಲ್ಲಿಯವರೆಗೆ ಹೇಗೋ ಸುಧಾರಿಸಿಕೊಳ್ಳುತ್ತೇವೆ ಎಂದಿದ್ದರು. ಮಾತ್ರೆಯ ಹೆಸರು ಓದಲು ಬಾರದವಳ ಕೈಗೆ ಮಾತ್ರೆ ಕೊಡಲು ಅವರಿಗೆ ಹೆದರಿಕೆ. ಅದು ನ್ಯಾಯವೇ.

ನಮ್ಮ ಪಠ್ಯಪುಸ್ತಕದಲ್ಲಿ ಮೊದಲ ವಾಕ್ಯ 'ಅಜ್ಜ ಅಟ್ಟ ಹತ್ತಿದ'. ಅದನ್ನು ಬರೆದವರು ಯಾರೋ, ಅವರ ಮನೆಯ ಅಜ್ಜ ಎಂಥವನೋ. ನಾನು ಕೋಲು ಹಿಡಿದು ಓದಿಸುತ್ತಿದ್ದೆ. ಮಹದೇವಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿ ಕೇಳಿದಳು: "ಈ ವಯಸ್ನಲ್ಲಿ ಅಟ್ಟ ಅತ್ತುಸ್ತಾರಾ ಮೇಡಮ್ಮೋರೇ? ಬಿದ್ದು ಸೊಂಟ ಮುರ್ಕೊಂಡ್ರೆ ಮಾಡೋರ್ಯಾರು? ಮನೇಲಿ ಯಾರೂ ಇಲ್ವಾ?" ತರಗತಿಯೆಲ್ಲ ನಕ್ಕಿತು. ನಾನು ಗದರಿದೆ. ಪಾಠದಲ್ಲಿ ಇಲ್ಲದ ಪ್ರಶ್ನೆ ಕೇಳಬಾರದು ಎಂದೆ. ಮಾರನೆಯ ವಾರ ಅವಳು ಬರಲಿಲ್ಲ. ಅದರ ಮಾರನೆಯ ವಾರವೂ ಇಲ್ಲ. ಅವಳ ಪಕ್ಕ ಕೂರುತ್ತಿದ್ದವಳನ್ನು ಕೇಳಿದರೆ, ಅಜ್ಜನ ಕತೆ ಓದ್ಕೊಂಡು ಕೂತ್ರೆ ಅಜ್ಜಿ ಕೆಲ್ಸ ಬೇರೇರ ಪಾಲಾಗುತ್ತೆ ಅಂದ್ಲು ಕಣ್ರೀ, ಅಂದಳು.

ನನಗೆ ಪಿತ್ತ ನೆತ್ತಿಗೇರಿತು. ಮೊದಲು ಮಹದೇವಮ್ಮನ ಮೇಲೆ, ಆಮೇಲೆ ಅಜ್ಜನ ಮೇಲೆ, ಸೈಕಲ್ ಸ್ಟ್ಯಾಂಡ್ ದಾಟುವಷ್ಟರಲ್ಲಿ ಸರಿಯಾದ ವಿಳಾಸ ಸಿಕ್ಕಿತು. ನೇರ ಪ್ರಾಂಶುಪಾಲರ ಕೋಣೆಗೆ ಹೋದೆ. ಅವರು ಬಹಳ ಸೌಮ್ಯ ಮನುಷ್ಯ. ಸಿಟ್ಟಿನಲ್ಲಿರುವವರ ಮುಂದೆ ಸೌಮ್ಯವಾಗಿರುವುದಕ್ಕಿಂತ ದೊಡ್ಡ ಕ್ರೌರ್ಯವಿಲ್ಲ. ಕಾಫಿ ತರಿಸಿದರು. ಅಕ್ಷರ ಎಂಬುದು ಅಡಿಪಾಯ, ಕಸುಬು ಎಂಬುದು ಮಹಡಿ, ಅಡಿಪಾಯವಿಲ್ಲದೆ ಮಹಡಿ ಕಟ್ಟಲಾದೀತೇ ಎಂದರು. ಕಟ್ಟುವವರು ಅಡಿಪಾಯದ ಗುಂಡಿಯಲ್ಲೇ ಬಿದ್ದು ಹೋಗುತ್ತಿದ್ದಾರಲ್ಲ ಸ್ವಾಮಿ, ಎರಡನ್ನೂ ಒಟ್ಟಿಗೆ ಕಲಿಸಿದರೆ ನಿಮ್ಮ ಗಂಟೇನು ಹೋಗುತ್ತದೆ ಎಂದೆ. ನನ್ನ ದನಿ ಕೇಳಿ ಕಾಫಿ ತಂದವನು ಬಾಗಿಲಲ್ಲೇ ನಿಂತ. ಕೊನೆಗೆ ಅವರು, ಒಂದು ತಂಡಕ್ಕೆ ಮಾತ್ರ, ನಿಮ್ಮ ಜವಾಬ್ದಾರಿಯ ಮೇಲೆ, ಸಿಸ್ಟರ್ ಒಪ್ಪಿದರೆ ಮಾಡಿಕೊಳ್ಳಿ ಎಂದರು. ಸಿಸ್ಟರ್ ಒಪ್ಪುವುದಿಲ್ಲವೆಂಬ ಭರವಸೆ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಸಿಸ್ಟರ್ ಎಂದರೆ ಫಿಲೋಮಿನಾ. ಮಂಗಳೂರಿನ ಕಡೆಯವರು, ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು, ಹಿಂದಿನ ಕಟ್ಟಡದ ಚಕ್ರವರ್ತಿನಿ. ಅವರು ಒಪ್ಪಿಬಿಟ್ಟರು. ಉದಯಗಿರಿಗೆ ಆಟೋದಲ್ಲಿ ಹೋಗಿ ಮಹದೇವಮ್ಮನನ್ನು ಕರೆತಂದೆ. ಅಜ್ಜನನ್ನು ಅಟ್ಟದಲ್ಲೇ ಬಿಟ್ಟು ಬಂದಿದ್ದೇನೆ, ನೀನು ಬಾ ಎಂದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಬಂದಳು.

ಒಂದು ಒರೆಯಲ್ಲಿ ಎರಡು ಕತ್ತಿ ಎಂಬ ಗಾದೆಯನ್ನು ನಾನು ಮಕ್ಕಳಿಗೆ ಬರೆಸಿದ್ದೇನೆ, ಅನುಭವಿಸಿದ್ದು ಆಗಲೇ. ಕೋಣೆಯ ನಡುವೆ ಒಂದು ಮಂಚ, ಅದರ ಮೇಲೆ ರೋಗಿಯ ಬೊಂಬೆ, ಒಂದು ಕಪ್ಪು ಹಲಗೆ, ಇಬ್ಬರು ಮೇಡಮ್ಮುಗಳು. ಮೊದಲ ದಿನವೇ ಸಿಸ್ಟರ್ ಹಲಗೆಯ ಮೇಲೆ 'ರಕ್ತದೊತ್ತಡ' ಎಂದು ಬರೆದರು. ನಾನು ಹೌಹಾರಿದೆ. ಸರಳ ಅಕ್ಷರ ಮುಗಿದು, ಕಾಗುಣಿತ ಮುಗಿದು, ಆಮೇಲೆ ಒತ್ತಕ್ಷರ ಬರುವುದು. ಮೊದಲ ದಿನವೇ ಕಕಾರಕ್ಕೆ ತ ಒತ್ತು, ತಕಾರಕ್ಕೆ ತ ಒತ್ತು ಹೇರಿದರೆ ಇವರ ಗತಿಯೇನು ಎಂದು ಎಲ್ಲರೆದುರಿಗೇ ಕೇಳಿದೆ. ಅವರು ಬೊಂಬೆಯ ತೋಳಿಗೆ ಪಟ್ಟಿ ಸುತ್ತುತ್ತಲೇ, "ನಿಮ್ಮ ಒತ್ತಕ್ಷರದ ಪಾಠ ಬರುವ ತನಕ ರೋಗಿಯ ಒತ್ತಡ ಕಾಯುತ್ತದಾ ಟೀಚರ್?" ಎಂದರು. ನಾನು ಮೂರು ದಿನ ಅವರೊಂದಿಗೆ ಮಾತು ಬಿಟ್ಟೆ. ಅವರಿಗೆ ಅದು ಗೊತ್ತಾಗಲೇ ಇಲ್ಲ ಎಂಬುದು ಇನ್ನಷ್ಟು ಸಿಟ್ಟು ತರಿಸಿತು.

ಆದರೆ ಹೆಂಗಸರು ಕಲಿತರು. ನಾನು ಇಷ್ಟು ವರ್ಷ ನಂಬಿದ್ದ ಕ್ರಮವನ್ನೆಲ್ಲ ಕಾಲಲ್ಲಿ ಒದ್ದು ಕಲಿತರು. 'ಊಟಕ್ಕೆ ಮೊದಲು', 'ಊಟದ ನಂತರ' ಎಂಬ ಎರಡು ಚೀಟಿ ಅಂಟಿಸಿದ ಡಬ್ಬಿಗಳನ್ನು ಮುಂದಿಟ್ಟರೆ, ಅಲ್ಲಿ ತಪ್ಪು ಓದಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಅಜ್ಜ ಅಟ್ಟ ಹತ್ತಿದರೂ ಇಳಿದರೂ ಅವರಿಗೇನೂ ಆಗುತ್ತಿರಲಿಲ್ಲ. ಮಹದೇವಮ್ಮ ಬೆರಳಿಟ್ಟು, ತುಟಿ ಕುಣಿಸಿ, ಊಟದ ಊಕಾರದ ಮೇಲೆ ಸಿಟ್ಟು ಮಾಡಿಕೊಂಡು ಓದುತ್ತಿದ್ದಳು. ಅವಳ ಸಿಟ್ಟು ಕಂಡರೆ ನನಗೆ ಪ್ರೀತಿ.

ಅಷ್ಟರಲ್ಲಿ ಪರೀಕ್ಷೆ ಬಂತು. ಕಸುಬಿನ ಪರೀಕ್ಷೆಯಲ್ಲಿ ಎಲ್ಲರೂ ಗೆದ್ದರು. ಆದರೆ ಓದು ಬರಹದ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬರುವವರಿದ್ದರು. ಅದರಲ್ಲಿ ತಪ್ಪಿದರೆ ತರಬೇತಿಯ ಪ್ರಮಾಣಪತ್ರವೂ ಇಲ್ಲ, ಮಹದೇವಮ್ಮನಿಗೆ ಆ ಅಜ್ಜಿಯೂ ಇಲ್ಲ. ಬಂದವರು ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹಿರಿಯರು. ಪ್ರತಿ ಸ್ವರಾಕ್ಷರಕ್ಕೂ ಒಂದೊಂದು ಪದ ಹಲಗೆಯ ಮೇಲೆ ಬರೆದು ಓದಬೇಕು ಎಂದರು. ಪುಸ್ತಕದಲ್ಲಿ ಅರಸ, ಆನೆ, ಇಲಿ, ಈಶ ಎಂದು ಇತ್ತು. ಒಟ್ಟಿಗೆ ಕಲಿಸತೊಡಗಿದ ಮೇಲೆ ನಾವು ಆ ಪುಟ ತೆರೆದೇ ಇರಲಿಲ್ಲ.

ಮೊದಲು ಎದ್ದವಳು ಮಹದೇವಮ್ಮ. ಅ ಎಂದರೆ ಅಜೀರ್ಣ ಎಂದು ಬರೆದಳು. ಆ ಎಂದರೆ ಆಂಬುಲೆನ್ಸ್. ಇ ಎಂದರೆ ಇಂಜೆಕ್ಷನ್. ಪರೀಕ್ಷಕರ ಹುಬ್ಬು ಮೇಲೇರಿತು. ಉಸಿರು, ಊತ ಎಂದು ಮುಂದುವರಿದು ಋಕಾರದ ಮುಂದೆ ನಿಂತಳು. ಅಲ್ಲಿ ಎಲ್ಲರೂ ಋಷಿಯನ್ನು ನೆನೆಯುತ್ತಾರೆ. ಅವಳು ಸಿಸ್ಟರ್ ಕಡೆ ಒಮ್ಮೆ ನೋಡಿ, ದೊಡ್ಡದಾಗಿ 'ಋತುಸ್ರಾವ' ಎಂದು ಬರೆದಳು. ಕೋಣೆಯ ಗೋಡೆಗೆ ಕೇಳಿಸುವಂತೆ ಓದಿದಳು. ಅಲ್ಲಿಗೆ ನಿಲ್ಲಿಸದೆ, ಆ ದಿನಗಳಲ್ಲಿ ಸ್ವಚ್ಛತೆ ಹೇಗೆ ಕಾಪಾಡಬೇಕು, ಬಟ್ಟೆಯನ್ನು ಯಾಕೆ ಬಿಸಿಲಿನಲ್ಲೇ ಒಣಗಿಸಬೇಕು ಎಂಬುದನ್ನೂ ತರಬೇತಿಯಲ್ಲಿ ಕಲಿತಂತೆ ವಿವರಿಸಿದಳು. ಪರೀಕ್ಷಕರು ಕಿಟಕಿಯಾಚೆಯ ಸೈಕಲ್ ಸ್ಟ್ಯಾಂಡನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಪ್ರಾಂಶುಪಾಲರು ಫ್ಯಾನಿನ ವೇಗ ಹೆಚ್ಚಿಸಿದರು.

ಐಕಾರಕ್ಕೆ ಅವಳು 'ಐಸಿಯು' ಎಂದು ಬರೆದಾಗ ಪರೀಕ್ಷಕರಿಗೆ ಹಿಡಿಯಲು ಒಂದು ಕೊಂಬೆ ಸಿಕ್ಕಿತು. ಇದು ಕನ್ನಡ ಪದವಲ್ಲ, ಇದನ್ನು ಒಪ್ಪಲಾಗದು ಎಂದರು. ಇಷ್ಟು ವರ್ಷ ಮಕ್ಕಳ ಬಾಯಲ್ಲಿ 'ಬಸ್ಸು' ಬಂದರೆ ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಆದರೆ ಆ ಹೊತ್ತಿಗೆ ನನ್ನೊಳಗೆ ಏನೋ ಸಿಡಿಯಿತು. ನಾನೆದ್ದು ನಿಂತು ಹೇಳಿದೆ: "ಪುಸ್ತಕದಲ್ಲಿರೋ ಐರಾವತ ಯಾರ ಮನೇಲಿದೆ ಸಾರ್, ನಿಮ್ಮ ಮನೇಲಿದೆಯಾ? ನಾಳೆ ನಾನೂ ನೀವೂ ಮಲಗೋದು ಐಸಿಯುನಲ್ಲಿ. ಅಲ್ಲಿ ಬಾಗಿಲ ಮೇಲೆ ಬರೆದಿರೋದನ್ನ ಈಕೆ ಓದ್ತಾಳೆ. ಇದಕ್ಕಿಂತ ಕನ್ನಡ ನಿಮಗೆ ಇನ್ಯಾವುದು ಬೇಕು?" ಆಮೇಲೆಯೂ ಏನೇನೋ ಹೇಳಿದೆನಂತೆ. ಐಸಿಯು ಅಚ್ಚಗನ್ನಡ ಎಂದೂ ಹೇಳಿದೆನಂತೆ. ಸಿಸ್ಟರ್ ಈಗಲೂ ಅದನ್ನು ಎಲ್ಲರಿಗೂ ಹೇಳಿಕೊಂಡು ನಗುತ್ತಾರೆ. ಪರೀಕ್ಷಕರು ಸುಮ್ಮನೆ ಉಳಿದ ಅಕ್ಷರಗಳನ್ನು ಕೇಳಿದರು. ಔ ಎಂದರೆ ಔಷಧಿ ಎಂದು ಬರೆದಾಗ ನಿಟ್ಟುಸಿರು ಬಿಟ್ಟರು. ಅದಂತೂ ನಿಘಂಟಿನಲ್ಲಿತ್ತು. ಎಲ್ಲರನ್ನೂ ಪಾಸು ಮಾಡಿ, ಊಟಕ್ಕೂ ನಿಲ್ಲದೆ ಹೊರಟರು.

ಮಹದೇವಮ್ಮ ಅಜ್ಜಿಯ ಮನೆ ಸೇರಿದಳು. ಇಲ್ಲಿಗೆ ನನ್ನ ಕೋಪ ತಣಿಯಬೇಕಿತ್ತು. ಆದರೆ ಪ್ರಾಂಶುಪಾಲರು ವಾರ್ಷಿಕ ಸಮಾರಂಭದಲ್ಲಿ ಅಕ್ಷರ ಮತ್ತು ಕಸುಬಿನ ಸಂಗಮ ತಮ್ಮ ಬಹುಕಾಲದ ಕನಸಾಗಿತ್ತು ಎಂದು ಭಾಷಣ ಮಾಡಿದರು. ಮಾಡಿ, ಮುಂದಿನ ತಂಡಕ್ಕೆ ಮತ್ತೆ ಎರಡು ಕಟ್ಟಡಗಳ ವೇಳಾಪಟ್ಟಿ ತೂಗುಹಾಕಿದರು. ಮೇಲಿನವರಿಗೆ ವರದಿ ಕೊಡುವಾಗ ಒಬ್ಬ ವಿದ್ಯಾರ್ಥಿನಿಯನ್ನೇ ಎರಡು ಕಡೆ ತೋರಿಸಲು ಬರುವುದಿಲ್ಲವಂತೆ. ಸಿಸ್ಟರ್ ಫಿಲೋಮಿನಾ ಮಾತ್ರ ಆ ವೇಳಾಪಟ್ಟಿಯನ್ನು ನೋಡಲೇ ಇಲ್ಲ. ಬೊಂಬೆಯನ್ನು ಹೆಗಲ ಮೇಲೆ ಹೊತ್ತು ನೇರ ನನ್ನ ತರಗತಿಗೆ ಬಂದರು. ಪ್ರಾಂಶುಪಾಲರು ವಿಚಾರಿಸಿದಾಗ, ನನ್ನ ಮನೆಮಾತು ಕೊಂಕಣಿ, ಕನ್ನಡ ನೋಟೀಸು ಓದಲು ಅಷ್ಟು ಬರುವುದಿಲ್ಲ, ಟೀಚರ ಹತ್ತಿರ ಕಲಿಯುತ್ತಿದ್ದೇನೆ ಎಂದರು. ಹೀಗೆ ಗೋಡೆಯ ಮೇಲೆ ಎರಡು ಕೋಣೆ, ನೆಲದ ಮೇಲೆ ಒಂದೇ ಕೋಣೆಯಾಗಿ ತರಗತಿ ನಡೆಯುತ್ತಿದೆ. ನಡೆಯುತ್ತಿದ್ದರೂ ಆ ವೇಳಾಪಟ್ಟಿ ಕಂಡಾಗಲೆಲ್ಲ ನನ್ನ ಮೈ ಉರಿಯುತ್ತದೆ.

ಮೊನ್ನೆ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲಿನ ಹತ್ತಿರ ಮಹದೇವಮ್ಮ ಸಿಕ್ಕಿದಳು. ಅಜ್ಜಿ ಈಗ ಗೋಡೆ ಹಿಡಿದು ಎದ್ದು ನಿಲ್ಲುತ್ತಾರಂತೆ. ಹೇಗಿದ್ದೀರಿ ಎಂದು ಅವಳು ಕೇಳಿದ್ದೇ ತಪ್ಪಾಯಿತು. ನಾನು ವೇಳಾಪಟ್ಟಿಯಿಂದ ಶುರುಮಾಡಿ, ಭಾಷಣದ ಮೂಲಕ ಹಾದು, ಮೇಲಿನವರನ್ನು ತಲುಪುವಷ್ಟರಲ್ಲಿ ದಾರಿಹೋಕರು ನಿಂತು ನೋಡುತ್ತಿದ್ದರು. ಅವಳು ನನ್ನ ಕೈಚೀಲ ತೆಗೆದಿಟ್ಟು, ಒಂದು ಈರುಳ್ಳಿ ಮೂಟೆಯ ಮೇಲೆ ನನ್ನನ್ನು ಕೂರಿಸಿ, ಮಣಿಕಟ್ಟಿನಲ್ಲಿ ನಾಡಿ ಹಿಡಿದು ತನ್ನ ಗಡಿಯಾರ ನೋಡತೊಡಗಿದಳು. ನಾನು ಮತ್ತೆ ಬಾಯಿ ತೆರೆದೆ.

"ಮಾತಾಡ್ಬ್ಯಾಡಿ ಮೇಡಮ್ಮೋರೇ, ಲೆಕ್ಕ ತಪ್ಪೋಯ್ತದೆ" ಎಂದಳು.

ಹೂವಿನವಳು ಕಟ್ಟುತ್ತಿದ್ದ ಮಲ್ಲಿಗೆ ಬಿಟ್ಟು, ಏನಾಯ್ತಮ್ಮ ಇವರಿಗೆ, ಹುಷಾರಿಲ್ವಾ ಎಂದು ಕೇಳಿದಳು. ಮಹದೇವಮ್ಮ ಗಡಿಯಾರದಿಂದ ಕಣ್ಣು ತೆಗೆಯದೆ ಹೇಳಿದಳು: "ಏನಿಲ್ಲ ಕಣಕ್ಕ, ನಮ್ಗೆ ಓದು ಕಲ್ಸಿದ ಮೇಡಮ್ಮೋರು. ಸಿಟ್ಟು ಜಾಸ್ತಿ, ಅಷ್ಟೇಯ."

ಅದು ಸುಳ್ಳು ಎಂದು ಕೂಗಬೇಕೆನಿಸಿತು. ಕೂಗುವಂತಿರಲಿಲ್ಲ, ಲೆಕ್ಕ ತಪ್ಪುತ್ತಿತ್ತು.