ಅತ್ತೆಯ ಕ್ಯಾಸೆಟ್ಟೂ ಹದಿಮೂರನೆಯ ಗುಂಡಿಯೂ

ಈಗಿನ ಹುಡುಗರ ಆಟಗಳನ್ನು ಕಂಡರೆ ನನಗೆ ಮರುಕ. ಗೋಡೆಯಗಲದ ಪರದೆ, ಸಿನಿಮಾದಂಥ ಚಿತ್ರ, ಸತ್ತರೆ ಸತ್ತಲ್ಲೇ ಮರುಜನ್ಮ. ಇದೂ ಒಂದು ಆಟವೇ? ಆಟ ಎಂದರೆ ನಾವು ಆಡಿದ್ದು! ಒಂಬತ್ತು ಚೌಕ ಜೋಡಿಸಿದರೆ ಅವನು ಗಣಿಗಾರ, ಒಂದು ಹಳದಿ ಚುಕ್ಕೆ ಇಟ್ಟರೆ ಅದು ಚಿನ್ನ. ಉಳಿದದ್ದನ್ನು ಆಡುವವನೇ ಊಹಿಸಿಕೊಳ್ಳಬೇಕು. ನಾನು ಹುಡುಗನಾಗಿದ್ದಾಗ ಮನೆಯಲ್ಲಿದ್ದ ಕಂಪ್ಯೂಟರಿನ ನೆನಪಿನ ಶಕ್ತಿ ನನ್ನ ಈಗಿನ ನೆನಪಿನ ಶಕ್ತಿಗಿಂತಲೂ ಕಡಿಮೆ ಇತ್ತು ಎಂದರೆ ಅದರ ಬಡತನ ನಿಮಗೆ ಅರ್ಥವಾದೀತು.

ಆದರೂ ಆ ಆಟದ ಗಣಿಯಲ್ಲಿ ನಾನು ಹನ್ನೆರಡನೆಯ ಗುಂಡಿಯ ತನಕ ಇಳಿದಿದ್ದೆ. ಹದಿಮೂರನೆಯದನ್ನು ಮಾತ್ರ ನೋಡಲಿಲ್ಲ. ಮನೆಗೆಲ್ಲ ಇದ್ದದ್ದು ಒಂದೇ ಟೀವಿ, ಕಂಪ್ಯೂಟರಿಗೂ ಅದೇ ಪರದೆ. ನಾನು ಗುಂಡಿಯ ಬಾಯಿಗೆ ಬರುವ ಹೊತ್ತಿಗೆ ಸರಿಯಾಗಿ ಅಪ್ಪನ ಕ್ರಿಕೆಟ್ಟು ಶುರುವಾಗುತ್ತಿತ್ತು. ಆ ದುಃಖ ನನ್ನೊಳಗೆ ಹಾಗೇ ಉಳಿದುಬಿಟ್ಟಿತ್ತು.

ಹೀಗಿರುವಾಗ ನಮ್ಮ ಮೂಂಟಾ ಊರಿನಲ್ಲಿ ಹಳೆಯ ಸಾಮಾನು ಹೊರಗಿಡುವ ವಾರ ಬಂತು. ಊರಿನವರೆಲ್ಲ ಬೇಡದ್ದನ್ನು ಬೇಲಿಯಾಚೆ ಗುಡ್ಡೆ ಹಾಕುತ್ತಾರೆ. ಲಾರಿ ಬರುವ ಮೊದಲು ಬೇಕಾದವರು ಬೇಕಾದ್ದನ್ನು ಎತ್ತಿಕೊಳ್ಳುತ್ತಾರೆ. ಮೂಲೆಮನೆಯ ಗುಡ್ಡೆಯಲ್ಲಿ ಮುರಿದ ಇಸ್ತ್ರಿ ಮೇಜಿನ ಕೆಳಗೆ ಅದೇ ಜಾತಿಯ ಕಂಪ್ಯೂಟರ್ ಮಲಗಿತ್ತು. ಪಕ್ಕದಲ್ಲಿ ಅದೇ ಆಟದ ಕ್ಯಾಸೆಟ್ಟು. ಕೂಸನ್ನೆತ್ತಿಕೊಂಡಂತೆ ಎತ್ತಿಕೊಂಡು ಮನೆಗೆ ಬಂದೆ.

ಹೆಂಡತಿ ಲೊರೇನ್ ಬಾಗಿಲಲ್ಲೇ ನಿಂತಿದ್ದಳು.

"ನಾನು ಒಂದು ಸಾಮಾನು ಆಚೆಗಿಟ್ಟೆ. ನೀನು ಎರಡು ಒಳಗೆ ತಂದೆ."

"ಇದು ಸಾಮಾನಲ್ಲ ಕಣೆ. ಹದಿಮೂರನೇ ಗುಂಡಿ ನೋಡ್ದೆ ಈ ಕೆಲ್ವಿನ್ ಸಾಯಲ್ಲ."

"ಹಾಗಾದ್ರೆ ನಿಧಾನಕ್ಕೇ ಆಡು" ಎಂದು ಅವಳು ಒಳಗೆ ಹೋದಳು.

ಅವಳ ತಲೆಯಲ್ಲಿ ಆಗ ಬೇರೆಯೇ ಚಿಂತೆ ಇತ್ತು. ಅವಳ ಅಕ್ಕ ಗ್ಲೆಂಡಾ ಭಾನುವಾರ ಡಾರ್ವಿನ್ನಿನಿಂದ ಬರುವವಳಿದ್ದಳು. ನಮ್ಮ ಅತ್ತೆ ಐವಿ ತೀರಿಕೊಂಡಾಗ ಅಲ್ಲಿ ಚಂಡಮಾರುತ ಎದ್ದು ವಿಮಾನಗಳೆಲ್ಲ ನಿಂತು, ಪಾಪ, ಗ್ಲೆಂಡಾಗೆ ಕೊನೆಗೊಂದು ಮಾತೂ ದಕ್ಕಿರಲಿಲ್ಲ. ಆದರೆ ಅತ್ತೆ ಹಾಸಿಗೆ ಹಿಡಿದಾಗ ಇಬ್ಬರು ಹೆಣ್ಣುಮಕ್ಕಳಿಗೂ ಹೇಳಬೇಕಾದ್ದನ್ನೆಲ್ಲ ಒಂದು ಕ್ಯಾಸೆಟ್ಟಿನಲ್ಲಿ ಹೇಳಿಟ್ಟಿದ್ದರು. ಲೊರೇನ್ ಅದನ್ನು ಒಮ್ಮೆ ಕೇಳಿ, ಅತ್ತು, ಎತ್ತಿಟ್ಟಿದ್ದಳು. ಇನ್ನೊಮ್ಮೆ ಕೇಳುವುದಾದರೆ ಅಕ್ಕನ ಜೊತೆಯಲ್ಲೇ ಎಂದು ಕಾದಿದ್ದಳು. ಇದನ್ನೆಲ್ಲ ಅವಳು ನನಗೆ ವಾರವಿಡೀ ಹೇಳುತ್ತಿದ್ದಳಂತೆ. ನಾನು ಗುಂಡಿಯೊಳಗಿದ್ದೆ.

ಈ ಯಂತ್ರಕ್ಕೆ ಆಟ ಉಣಿಸುವುದೇ ಒಂದು ತಪಸ್ಸು. ಕ್ಯಾಸೆಟ್ಟು ಹಾಕಿದರೆ ಟೇಪ್‌ರೆಕಾರ್ಡರ್ ಕೀಚಲು ದನಿಯಲ್ಲಿ ಅರಚತೊಡಗುತ್ತದೆ. ಆ ಅರಚಾಟವೇ ಆಟ. ದನಿ ಒಂದು ಕೂದಲೆಳೆ ಹೆಚ್ಚಾದರೂ ಕಡಿಮೆಯಾದರೂ ಯಂತ್ರ ಮುಖ ತಿರುಗಿಸುತ್ತದೆ, ಮತ್ತೆ ಮೊದಲಿನಿಂದ ಅರಚಿಸಬೇಕು. ಲೊರೇನ್‌ಗೆ ಅಡುಗೆಮನೆಯಲ್ಲಿ ಮೆಲ್ಲಗೆ ಹೆಜ್ಜೆ ಇಡಲು ಹೇಳಿದೆ. ಅವಳು ಏನು ಉತ್ತರ ಕೊಟ್ಟಳೆಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಶನಿವಾರ ಮಧ್ಯಾಹ್ನ ಹನ್ನೆರಡನೆಯ ಗುಂಡಿ ಮುಗಿಯಿತು. ಹದಿಮೂರರ ಬಾಯಿಗೆ ನಿಂತಿದ್ದೇನೆ, ಅಷ್ಟರಲ್ಲಿ ಲೊರೇನ್ ಕರೆದಳು. ನಾಳೆಯ ಪಾಸ್ಟಿ ಎಂಬ ಕಡುಬಿನೊಳಗೆ ತುಂಬಲು ಟರ್ನಿಪ್ಪು, ಆಲೂಗಡ್ಡೆ ಹೆಚ್ಚಬೇಕು, ಈಗಲೇ ಬರಬೇಕು, ಇಲ್ಲವಾದರೆ ಪ್ಲಗ್ಗು ಕೀಳುತ್ತೇನೆ ಎಂದಳು. ಅಪ್ಪನ ಕ್ರಿಕೆಟ್ಟು ಸೊಸೆಯ ರೂಪದಲ್ಲಿ ಮರಳಿ ಬಂದಿತ್ತು!

ಆದರೆ ಈ ಸಲ ನಾನು ಚಿಕ್ಕ ಹುಡುಗನಲ್ಲ. ಆಟವನ್ನು ನಿಂತಲ್ಲೇ ಉಳಿಸಿಕೊಳ್ಳುವ ಉಪಾಯವಿದೆ: ಖಾಲಿ ಕ್ಯಾಸೆಟ್ಟಿಗೆ ಅದನ್ನು ರೆಕಾರ್ಡು ಮಾಡಿಟ್ಟರಾಯಿತು. ಟೇಪ್‌ರೆಕಾರ್ಡರ್ ಇಟ್ಟಿದ್ದ ಕಪಾಟಿನಲ್ಲೇ ಹೆಸರು ಬರೆಯದ ಒಂದು ಕ್ಯಾಸೆಟ್ಟಿತ್ತು. ಹಾಕಿದೆ. ರೆಕಾರ್ಡಿನ ಗುಂಡಿ ಒತ್ತಿದರೆ ಕೂರಲಿಲ್ಲ. ನೋಡಿದರೆ ಕ್ಯಾಸೆಟ್ಟಿನ ನೆತ್ತಿಯ ಎರಡು ಪುಟ್ಟ ಹಲ್ಲುಗಳನ್ನು ಯಾರೋ ಮುರಿದಿದ್ದರು. ಯಾರೂ ಅಳಿಸದಿರಲಿ ಎಂದೇ ಹಲ್ಲು ಮುರಿಯುವುದು, ನಮ್ಮ ಕಾಲದವರಿಗೆಲ್ಲ ಗೊತ್ತು. ಹಲ್ಲು ಮುರಿದಲ್ಲಿ ಸೆಲೋಟೇಪ್ ಅಂಟಿಸಿದರೆ ಮತ್ತೆ ಅಳಿಸಬಹುದು ಎಂಬುದೂ ಗೊತ್ತು. ಆ ಎರಡರಲ್ಲಿ ಎರಡನೆಯದೇ ನನಗೆ ಮೊದಲು ಹೊಳೆಯಿತು. ಎರಡೂ ಹಲ್ಲು ಕಟ್ಟಿದೆ, ಟೇಪನ್ನು ಶಿಸ್ತಾಗಿ ಮೊದಲಿಗೆ ಸುತ್ತಿದೆ, ಆಟ ಉಳಿಸಿದೆ. ಮೂರು ನಿಮಿಷ ಹಿಡಿಯಿತು. ಎದೆಯುಬ್ಬಿಸಿಕೊಂಡು ಟರ್ನಿಪ್ಪು ಹೆಚ್ಚಲು ಹೋದೆ.

ಭಾನುವಾರ ಊಟ ಮುಗಿಯಿತು. ಅಮ್ಮನ ಕೈರುಚಿಯೇ ಬಂದಿದೆ ಎಂದು ಗ್ಲೆಂಡಾ ಪಾಸ್ಟಿಯನ್ನು ಹೊಗಳಿದಳು. ಲೊರೇನ್ ಕೈ ಒರೆಸಿಕೊಂಡು ಕಪಾಟಿನಿಂದ ಕ್ಯಾಸೆಟ್ಟು ತಂದಳು. ಕಿಟಕಿಯ ಬೆಳಕಿಗೆ ಹಿಡಿದಳು.

"ಇದಕ್ಕೆ ಸೆಲೋಟೇಪ್ ಯಾರು ಅಂಟಿಸಿದ್ದು?"

ನನ್ನ ಬಾಯಲ್ಲಿದ್ದ ಟೀ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಟೇಪ್‌ರೆಕಾರ್ಡರ್ ಕೆಟ್ಟಿದೆ ಎಂದು ಹೇಳಹೊರಟೆ; ನಿನ್ನೆಯಷ್ಟೇ ಅದು ಅರಚಿದ್ದನ್ನು ಲೊರೇನ್ ಕೇಳಿದ್ದಳು. ಅಷ್ಟರಲ್ಲಿ ಅವಳು ಟೇಪನ್ನು ಮೊದಲಿಗೆ ಸುತ್ತಿ ಗುಂಡಿ ಒತ್ತಿಯೇಬಿಟ್ಟಳು.

ಕೀ… ಕರ್ರ್… ಕೀ…

ಗ್ಲೆಂಡಾ ಕಣ್ಣು ಮುಚ್ಚಿ, ಕೈ ಜೋಡಿಸಿಕೊಂಡು, ತುಸು ಹೊತ್ತು ಭಕ್ತಿಯಿಂದ ಕೇಳಿದಳು. ಆಮೇಲೆ ಒಂದು ಕಣ್ಣು ತೆರೆದು, "ಅಮ್ಮಂಗೆ ಕೊನೇಲಿ ಗಂಟಲು ಇಷ್ಟೊಂದು ಕೆಟ್ಟಿತ್ತಾ?" ಎಂದು ತಂಗಿಯನ್ನು ಕೇಳಿದಳು.

ಲೊರೇನ್ ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕಣ್ಣು ತುಂಬಿತ್ತು. ಹದಿಮೂರನೆಯ ಗುಂಡಿ ಅಲ್ಲೇ ಬಾಯಿ ಬಿಡಬಾರದೇ, ಒಳಗಿಳಿದು ಕೂತುಬಿಡುತ್ತೇನೆ ಅನ್ನಿಸಿತು. ತಪ್ಪಾಯಿತು ಎಂದೆ. ಅರಚಾಟದ ನಡುವೆ ಅದು ನನಗೇ ಕೇಳಿಸಲಿಲ್ಲ. ಯಾರಿಗೂ ಎದ್ದು ಟೇಪು ನಿಲ್ಲಿಸುವಷ್ಟು ತ್ರಾಣವಿರಲಿಲ್ಲ.

ಮೂರು ನಿಮಿಷ ಕಳೆದದ್ದೇ ಕೀಚಲು ದನಿ ತಟ್ಟನೆ ನಿಂತಿತು. ಆಮೇಲೆ ಕೋಣೆಯ ನಡುವೆಯೇ ಕೂತು ಹೇಳುವಂತೆ ಅತ್ತೆಯ ಸ್ವಂತ ದನಿ ಬಂತು.

"…ಅಷ್ಟು ಸಾಕು. ಕೆಲ್ವಿನ್ ಬಗ್ಗೆ ಇಷ್ಟೊಂದು ಒಳ್ಳೇ ಮಾತು ನಾನು ಜನ್ಮದಲ್ಲೇ ಆಡಿರಲಿಲ್ಲ. ಇನ್ನು ಅವನ ತಪ್ಪುಗಳಿಗೆ ಬರ್ತೀನಿ. ಲೊರೇನ್, ಗ್ಲೆಂಡಾ, ಒಂದೊಂದು ಟೀ ಮಾಡ್ಕೊಂಡು ಬಂದು ಕೂತ್ಕೊಳ್ಳಿ. ಸ್ವಲ್ಪ ಹೊತ್ತು ಹಿಡಿಯತ್ತೆ."

ಆ ಮಗ್ಗುಲು ಮುಗಿಯುವ ತನಕ ಹಿಡಿಯಿತು. ನಾನು ಏಣಿಯಿಂದ ಬಿದ್ದದ್ದು, ಅವರ ರೇಡಿಯೋ ರಿಪೇರಿ ಮಾಡಿ ಶಾಶ್ವತವಾಗಿ ಮೌನಗೊಳಿಸಿದ್ದು, ಯಾವುದನ್ನೂ ಅತ್ತೆ ಮರೆತಿರಲಿಲ್ಲ. ಅಕ್ಕತಂಗಿಯರು ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕರು, ಅತ್ತರು, ಮತ್ತೆ ನಕ್ಕರು. "ಗುಂಡಿ ಇರೋ ಯಾವ ಯಂತ್ರಾನೂ ಅವನ ಕೈಗೆ ಕೊಡ್ಬೇಡ" ಎಂಬಲ್ಲಿಗೆ ಬಂದಾಗ ಗ್ಲೆಂಡಾ ಟೇಪು ನಿಲ್ಲಿಸಿ, ಹಿಂದೆ ಸುತ್ತಿ, ಇನ್ನೊಮ್ಮೆ ಕೇಳಿದಳು. ಎರಡನೆಯ ಮಗ್ಗುಲಲ್ಲಿ ಅವಳಿಗೆಂದೇ ಹೇಳಿದ ಮಾತುಗಳು ಒಂದೂ ಬಿಡದೆ ಹಾಗೇ ಇದ್ದವು. ಆಗ ನಾನು ಅಂಗಳಕ್ಕೆ ಹೋದೆ. ಅದು ಅವರಿಬ್ಬರದು.

ಪಾತ್ರೆ ತೊಳೆಯುವಾಗ ಮೆಲ್ಲಗೆ ಕೇಳಿದೆ, "ಆ ಮೊದಲಿನ ಮೂರು ನಿಮಿಷ… ಅತ್ತೆ ನನ್ನ ಬಗ್ಗೆ ಏನಂದಿದ್ರು?"

"ನಂಗೊಬ್ಳಿಗೇ ಗೊತ್ತು" ಎಂದಳು ಲೊರೇನ್, ತಟ್ಟೆ ಒರೆಸುತ್ತ. "ನೀನು ಹದಿಮೂರನೇ ಗುಂಡಿ ನೋಡಿದ ದಿನ ಹೇಳ್ತೀನಿ."

ಅದೇನು ಮಹಾ, ನಾಳೆಯೇ ನೋಡುತ್ತೇನೆ ಎಂದುಕೊಂಡೆ. ನಾನು ಉಳಿಸಿದ ಆಟ ಆ ಕ್ಯಾಸೆಟ್ಟಿನಲ್ಲಿ ಸುರಕ್ಷಿತವಾಗಿಯೇ ಇದೆ. ಕ್ಯಾಸೆಟ್ಟು ಮಾತ್ರ ಗ್ಲೆಂಡಾಳ ಕೈಚೀಲದಲ್ಲಿ ಕೂತು ಡಾರ್ವಿನ್ನಿಗೆ ಹೋಗಿದೆ. ಸೆಲೋಟೇಪನ್ನು ಅವಳು ಹೊರಡುವ ಮುನ್ನವೇ ಕಿತ್ತು ನನ್ನ ಅಂಗೈಗೆ ಅಂಟಿಸಿದಳು.

ಮೊದಲನೆಯ ಗುಂಡಿಯಿಂದ ಮತ್ತೆ ತೋಡುತ್ತಿದ್ದೇನೆ. ಈ ಸಲ ಚಿನ್ನಕ್ಕಲ್ಲ, ಅತ್ತೆಯ ಬಾಯಿಂದ ಬಂದ ಮೂರು ನಿಮಿಷದ ಒಳ್ಳೆಯ ಮಾತಿಗೆ.