ಬೂದುಗುಂಬಳದ ಕ್ಯಾಚು

ಕರ್ಪೂರದ ಬೆಂಕಿ ಅಷ್ಟು ಬೇಗ ಬೆರಳಿಗೆ ಬರುತ್ತದೆಂದು ಗೊತ್ತಿದ್ದಿದ್ದರೆ ನಾಗಾರ್ಜುನ ಬೂದುಗುಂಬಳಕಾಯಿಯನ್ನು ಇನ್ನೊಂದು ಥರ ಹಿಡಿದುಕೊಳ್ಳುತ್ತಿದ್ದ. ಪಾಪ, ಅವನಿಗೆ ಗೊತ್ತಿರಲಿಲ್ಲ.

ಅಮೆರಿಕದ ಹೇವರ್ಡಿನಲ್ಲಿ ಅವನು ಕೊಂಡ ಮನೆಗೆ ಅಂದು ಗೃಹಪ್ರವೇಶ. ಮಂಡ್ಯದಿಂದ ಬಂದಿದ್ದ ತಾಯಿ ಬೋರಮ್ಮ ಬೆಳಗಾಗುವ ಮೊದಲೇ ಬಂದು, ಒಳಗೆ ಕಾಲಿಡದೆ ಹೊರಗೇ ಕೂತು, ಹೊಸ್ತಿಲಿಗೆ ಅರಿಶಿನ ಬಳಿದು ಅದರ ಮೇಲೆ ಬಿಳಿ ಗೆರೆ ಎಳೆದು ಕೆಂಪು ಬೊಟ್ಟು ಇಟ್ಟಿದ್ದರು. ಡ್ರೈವ್‌ವೇ ರಸ್ತೆಯನ್ನು ಸೇರುವ ಕಡೆ ಅಡ್ಡಕ್ಕೆ ಒಂದು ಬಿಳಿ ಕೆಂಪು ರಂಗೋಲಿಯೂ ಆಗಿತ್ತು. ಮೊದಲು ಕುಂಕುಮ ತುಂಬಿ ಮೇಲೆ ಕರ್ಪೂರ ಹಚ್ಚಿದ ಬೂದುಗುಂಬಳಕಾಯಿಯನ್ನು ನೀವಾಳಿಸಿ ರಸ್ತೆಯಲ್ಲಿ ಒಡೆಯಬೇಕು, ಆಮೇಲೆ ಬಲಗಾಲಿಟ್ಟು ಒಳಗೆ ಹೋಗಬೇಕು, ಆಮೇಲೆ ಹಾಲು ಉಕ್ಕಿಸಬೇಕು. ಎಲ್ಲವೂ ರಾಹುಕಾಲ ಶುರುವಾಗುವುದರೊಳಗೆ ಮುಗಿಯಬೇಕು. ಹಳೆಯ ಅಪಾರ್ಟ್‌ಮೆಂಟಿನ ಬೀಗದ ಕೈಯನ್ನು ಆಗಲೇ ವಾಪಸು ಕೊಟ್ಟಾಗಿತ್ತು. ಮಂಚ, ಸೋಫಾ, ಮಿಕ್ಸಿ ಎಲ್ಲವೂ ಬಾಡಿಗೆ ಟ್ರಕ್ಕಿನೊಳಗೆ ಕೂತು ರಸ್ತೆಯಂಚಿನಲ್ಲಿ ಕಾಯುತ್ತಿದ್ದವು. ಇವತ್ತು ಈ ಮನೆ ಸೇರದಿದ್ದರೆ ಸಂಸಾರಕ್ಕೆ ತಲೆಯ ಮೇಲೊಂದು ಸೂರಿರಲಿಲ್ಲ.

"ಮನೆಗೆ ಮೂರ್ ಸುತ್ತು ನೀವಾಳ್ಸಪ್ಪ. ಆಮೇಲೆ ರೋಡಿಗೆ ಎತ್ತಾಕು. ಒಂದೇ ಏಟ್ಗೆ ಚೂರಾಗ್ಬೇಕು," ಎಂದರು ಬೋರಮ್ಮ.

ಮೂರನೆಯ ಸುತ್ತಿನಲ್ಲಿ ಕರ್ಪೂರ ಜಾರಿ ನಾಗಾರ್ಜುನನ ಹೆಬ್ಬೆರಳನ್ನು ಮುಟ್ಟಿತು. ಅವನು "ಅಯ್ಯಪ್ಪಾ" ಎನ್ನುತ್ತ ಕಾಯನ್ನು ಬಿಸಾಡಿದ. ಜನ್ಮದಲ್ಲಿ ಒಂದು ಚೆಂಡನ್ನೂ ನೆಟ್ಟಗೆ ಎಸೆದವನಲ್ಲ. ಆ ಕ್ಷಣ ತೋಳಿಗೆ ಎಲ್ಲಿಂದ ಬಲ ಬಂತೋ, ಕಾಯಿ ಬೇಲಿಯ ಮೇಲೆ ಹಾರಿ ಪಕ್ಕದ ಮನೆಯತ್ತ ಹೊರಟಿತು.

ಪಕ್ಕದ ಮನೆಯ ಟಾಲಿವರ್ ಆಗತಾನೇ ಕಸದ ಡಬ್ಬಿಯನ್ನು ರಸ್ತೆಗೆ ತಳ್ಳುತ್ತಿದ್ದ. ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಆಳು. ತಲೆಯೆತ್ತಿ ನೋಡಿದವನೇ ಡಬ್ಬಿ ಬಿಟ್ಟು ಓಡಿದ. ಗಾಳಿಯಲ್ಲಿ ಉದ್ದಕ್ಕೆ ಚಾಚಿಕೊಂಡು, ಹುಲ್ಲಿನ ಮೇಲೆ ದೊಪ್ಪನೆ ಬೀಳುವ ಮೊದಲೇ ಕಾಯನ್ನು ಎದೆಗವಚಿಕೊಂಡ. ಅವನ ಮೊಣಕೈ ತರಚಿತ್ತು. ಕಾಯಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಅಯ್ಯೋ, ನಮ್ಮನೆ ದೃಷ್ಟಿನೆಲ್ಲ ಆ ಮಗ ತಬ್ಕೊಬುಟ್ನಲ್ಲ," ಎಂದು ಬೋರಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

ಚಪ್ಪಾಳೆ ತಟ್ಟಿದವರು ವಿರುಪಾಕ್ಷಪ್ಪ ಒಬ್ಬರೇ. ನಾಗಾರ್ಜುನನ ಆಫೀಸಿನ ಹಿರಿಯರು, ಹುಬ್ಬಳ್ಳಿಯವರು, ಇಲ್ಲಿಗೆ ಬಂದಂದಿನಿಂದ ಟೀವಿಯಲ್ಲಿ ಅಮೆರಿಕನ್ ಫುಟ್‌ಬಾಲು ನೋಡಿ ನೋಡಿ ಹೆಂಡತಿಯಿಂದ ಬೈಸಿಕೊಂಡವರು. ಯಾರ ಮನೆಯ ಕಾರ್ಯವಾದರೂ ಎಲ್ಲರಿಗಿಂತ ಮೊದಲು ಬಂದು ಸಲಹೆ ಕೊಡುವುದು ಅವರ ಅಭ್ಯಾಸ.

"ಇಂವಾ ಯಾರಂತ ಗೊತ್ತೇನ್ರಿ ಬೋರಮ್ಮನವರ? ವೈಡ್ ರಿಸೀವರ್ ಅದಾನ. ದೂರದಿಂದ ಒಗದ ಚೆಂಡನ್ನ ಓಡಿಕೋತ ಹೋಗಿ ಹಿಡಿಯೂದ ಅವನ ಕೆಲಸ."

"ಬರೀ ಹಿಡಿಯಾದಾ? ಅದ್ಕೆ ಸಂಬ್ಳ ಕೊಟ್ಟಾರಾ?"

"ಕೊಡತಿದ್ರು. ಎಂಟು ವರ್ಷದಾಗ ಐದು ಟೀಮಿಗೆ ಆಡಿದಾ. ಹ್ವಾದ ವರ್ಷ ದೊಡ್ಡ ಮ್ಯಾಚಿನ್ಯಾಗ ಸುತ್ತ ಯಾರೂ ಇರಲಿಲ್ಲ, ಚೆಂಡು ಸೀದಾ ಎದಿಗೆ ಬಂತು, ಕೈ ಬಿಟ್ಟಾ. ಅವತ್ತಿಂದ ಒಂದ ಟೀಮೂ ಕರದಿಲ್ಲ. ಫೋನ್ ಹಿಡಕೊಂಡ ಕುಂತಾನ."

"ಎಷ್ಟ್ ಜನ ಬತ್ತಾರೆ ಆ ಆಟ ನೋಡಕ್ಕೆ?"

"ಎಪ್ಪತ್ತು ಸಾವಿರ ಮಂದಿ ಬರ್ತಾರ್ರಿ."

ಬೋರಮ್ಮನವರಿಗೆ ಅವನ ರೋಗದ ಮೂಲ ಸಿಕ್ಕಿಬಿಟ್ಟಿತು. "ಎಪ್ಪತ್ ಸಾವ್ರ ಜನದ ಕಣ್ಣು ಬಿದ್ರೆ ಕೈ ನಿಂತದಾ? ಅವ್ನಿಗೆ ಯಾರೂ ಒಂದಿಡಿ ಉಪ್ಪು ಮೆಣಸಿನ್ಕಾಯೂ ನೀವಾಳ್ಸಿಲ್ವಲ್ಲ, ತಾಯಿಲ್ವೇನೋ ಪಾಪ."

"ಅಮ್ಮಾ, ಅದೆಲ್ಲ ಆಮೇಲೆ. ಮುಹೂರ್ತ ಮುಗಿತಾ ಇದೆ," ಎಂದರು ಪುರೋಹಿತ ವ್ಯಾಸರಾಜರು. ಅವರಿಗೆ ಇದಾದ ಮೇಲೆ ಸನ್ನಿವೇಲಿನಲ್ಲಿ ಇನ್ನೊಂದು ಸತ್ಯನಾರಾಯಣ ಪೂಜೆಯಿತ್ತು.

ನಾಗಾರ್ಜುನ ಪಂಚೆ ಎತ್ತಿಕೊಂಡು ಪಕ್ಕದ ಮನೆಗೆ ಹೋದ. ಟಾಲಿವರ್ ಮೆಟ್ಟಿಲ ಮೇಲೆ ಕೂತು ಕಾಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬೂದಿ ಒರೆಸುತ್ತಿದ್ದ. ನಾಗಾರ್ಜುನ ತನಗೆ ಬಂದ ಇಂಗ್ಲಿಷಿನಲ್ಲಿ ದೃಷ್ಟಿ, ಹೊಸ ಮನೆ, ರಾಹು ಎಲ್ಲವನ್ನೂ ವಿವರಿಸಿ, ದಯವಿಟ್ಟು ಇದನ್ನು ಕೊಡು, ಒಡೆಯಬೇಕು ಎಂದ.

ಟಾಲಿವರ್ ಆಗುವುದಿಲ್ಲವೆಂದು ತಲೆಯಾಡಿಸಿದ. "ಒಂದು ವರ್ಷದಿಂದ ನನ್ನ ಕೈಯಲ್ಲಿ ಏನೂ ನಿಂತಿಲ್ಲ, ಗೆಳೆಯಾ. ಬೆಳಿಗ್ಗೆ ಕಾಫಿ ಲೋಟ ಕೂಡ ಬೀಳಿಸಿದೆ. ಇದೊಂದು ನಿಂತಿದೆ. ಇದನ್ನು ನಾನು ಒಡೆಯಲು ಕೊಡುವುದಿಲ್ಲ." ಅವನ ಕಣ್ಣು ತೇವವಾಗಿತ್ತು. ನಾಗಾರ್ಜುನನಿಗೂ ಅಯ್ಯೋ ಅನ್ನಿಸಿತು. ಆದರೆ ಟ್ರಕ್ಕನ್ನು ನೋಡಿದ ಕೂಡಲೇ ಆ ಅಯ್ಯೋ ತನ್ನ ಕಡೆಗೇ ತಿರುಗಿತು.

ಅಷ್ಟರಲ್ಲಿ ಹೆಂಡತಿ ತೇಜಸ್ವಿನಿ ಇನ್ನೊಂದು ಕಾಯಿ ತರಲು ಕಾರು ತೆಗೆದುಕೊಂಡು ಹೋಗಿದ್ದಳು. ವಾಪಸು ಬಂದ ರಭಸಕ್ಕೆ ಕಾರು ರಂಗೋಲಿಯ ಮೇಲೇ ಹಾದು ನಿಂತಿತು. ನೆಲದಲ್ಲಿ ಒಂದಿಷ್ಟು ಪುಡಿ ಬಿಟ್ಟರೆ ಗೆರೆ ಎಂಬುದೇನೂ ಉಳಿಯಲಿಲ್ಲ. ಅವಳು ಇಳಿದು ಒಂದು ದಪ್ಪ ಕಿತ್ತಳೆ ಬಣ್ಣದ ಕುಂಬಳಕಾಯಿಯನ್ನು ಮುಂದೆ ಹಿಡಿದಳು.

"ಇಂಡಿಯನ್ ಗ್ರೋಸರೀಲಿ ಬೂದುಗುಂಬಳ ಒಂದೂ ಇಲ್ಲ, ಅತ್ತೆ. ಆಯುಧಪೂಜೆಗೆ ಕಾರಿನವ್ರೇ ಎಲ್ಲಾ ಖಾಲಿ ಮಾಡಿದಾರಂತೆ. ಹ್ಯಾಲೋವೀನಿಂದು ಇದು ಸಿಕ್ತು."

"ಇದು ಹುಳಿಗಾಯ್ತದೆ ಕಣವ್ವ, ದೃಷ್ಟಿಗಲ್ಲ. ಅದೂ ಅಲ್ದೆ, ನೀವಾಳ್ಸಿರಾದು ಅದನ್ನ, ಒಡೆಯಾದು ಇದನ್ನ ಅಂದ್ರೆ ಹೆಂಗವ್ವ?"

ಆ ಬೀದಿಯ ಪ್ರತಿ ಮನೆಯ ಮೆಟ್ಟಿಲ ಮೇಲೂ ಒಂದೊಂದು ಕಿತ್ತಳೆ ಕುಂಬಳಕಾಯಿ ಹಲ್ಲು ಕಿರಿದುಕೊಂಡು ಕೂತಿತ್ತು. ಕೆಲಸಕ್ಕೆ ಬರುವಂಥದು ಒಂದೇ ಒಂದು, ಅದು ಟಾಲಿವರನ ತೊಡೆಯ ಮೇಲಿತ್ತು.

ಆಗ ವಿರುಪಾಕ್ಷಪ್ಪನವರು ನಾಗಾರ್ಜುನನ ಹೆಗಲ ಮೇಲೆ ಕೈಹಾಕಿದರು. "ನಾ ಒಂದ ಮಾತ ಹೇಳ್ತೀನಿ ಕೇಳ್ರಿ. ಈ ಆಟದಾಗ ಚೆಂಡ ತಗೊಂಡು ಕಡೀ ಗೆರಿ ದಾಟಿದ್ರ ಆರು ಪಾಯಿಂಟು. ಆ ಖುಷಿಗೆ ಅವರು ಚೆಂಡನ್ನ ನೆಲಕ್ಕ ಅಪ್ಪಳಸ್ತಾರ. ನಮಗೂ ಬೇಕಾಗಿದ್ದು ಅದ ಅಲ್ಲೇನು? ಅವಗ ಒಂದ ಸಲ ಆಡಸೋಣು, ಅವನ ಒಡೀತಾನ."

ಈ ಮಾತನ್ನು ಟಾಲಿವರನಿಗೆ ಹೇಳಿದಾಗ ಅವನ ಮುಖವೇ ಬೇರೆಯಾಯಿತು. ಎದ್ದು ನಿಂತ. ಆದರೆ ಅವನಿಗೂ ಒಂದು ನಿಯತ್ತಿತ್ತು: ತಡೆಯುವವರಿಲ್ಲದೆ ಗೆರೆ ದಾಟಿದರೆ ಅದು ಆಟವಲ್ಲ, ಆಟವಾಡದೆ ಅಪ್ಪಳಿಸುವುದು ತಪ್ಪು. ಹಾಗಾಗಿ ಎಸೆಯಲು ವಿರುಪಾಕ್ಷಪ್ಪ, ತಡೆಯಲು ನಾಗಾರ್ಜುನ ಮತ್ತು ವ್ಯಾಸರಾಜರು ಎಂದಾಯಿತು.

"ನಾನು ಮಡೀಲಿದೀನಿ, ನನ್ನ ಯಾರೂ ಮುಟ್ಟಕೂಡದು," ಎಂದು ಪುರೋಹಿತರು ಮೊದಲೇ ಹೇಳಿದರು.

"ಗೆರೆ ಯಾವುದು?" ಎಂದು ಟಾಲಿವರ್ ಕೇಳಿದ.

ನಾಗಾರ್ಜುನ ಆಗ ಪಂಚೆಯನ್ನು ಕಚ್ಚೆ ಹಾಕಿಕೊಳ್ಳುವ ಕಷ್ಟದಲ್ಲಿದ್ದ. "ಅದೇ, ಬಣ್ಣದ್ದು. ಬಿಳಿ, ಕೆಂಪು. ನಮ್ಮಮ್ಮ ಹಾಕಿರುವುದು," ಎಂದು ಗದ್ದದಲ್ಲೇ ತೋರಿಸಿದ. ಗದ್ದ ಯಾವ ಕಡೆ ತಿರುಗಿತ್ತೆಂದು ಅವನಿಗೇ ಇವತ್ತಿಗೂ ನೆನಪಿಲ್ಲ.

ವಿರುಪಾಕ್ಷಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಜೀವಮಾನದ ಆಸೆಯನ್ನೆಲ್ಲ ಸೇರಿಸಿ ಕಾಯನ್ನು ಎಸೆದರು. ಟಾಲಿವರ್ ಬೆರಳ ತುದಿಯಲ್ಲಿ ಅದನ್ನು ಹಿಡಿದ. ಸುತ್ತ ನೋಡಿದ. ರಸ್ತೆಯ ಕಡೆ ಕಾರು ಬಿಟ್ಟರೆ ಏನೂ ಕಾಣಲಿಲ್ಲ. ಈ ಕಡೆ, ತೆರೆದಿಟ್ಟ ಬಾಗಿಲಿನ ಕೆಳಗೆ, ಅರಿಶಿನದ ಮೇಲೆ ಬಿಳಿ ಗೆರೆ, ಕೆಂಪು ಬೊಟ್ಟು ಥಳಥಳ ಹೊಳೆಯುತ್ತಿದ್ದವು. ಅವನು ಅತ್ತಲೇ ಓಡಿದ.

"ಆ ಕಡೆ ಅಲ್ಲ!" ಎಂದು ನಾಗಾರ್ಜುನ ಕೂಗುವಷ್ಟರಲ್ಲಿ ವ್ಯಾಸರಾಜರು ಮಡಿ ಉಳಿಸಿಕೊಳ್ಳಲು ಪಕ್ಕಕ್ಕೆ ಹಾರಿ ದಾರಿ ಬಿಟ್ಟಿದ್ದರು. ನಾಗಾರ್ಜುನ ಮುನ್ನುಗ್ಗಿ ಒಂದು ಕಾಲನ್ನು ತಬ್ಬಿಕೊಂಡ. ಎಂಟು ವರ್ಷ ದೊಡ್ಡ ದೊಡ್ಡ ಪೈಲ್ವಾನರನ್ನು ಕೊಡವಿಕೊಂಡು ಓಡಿದ ಕಾಲು ಅದು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಟಾಲಿವರ್ ಬಲಗಾಲಿಟ್ಟೇ ಹೊಸ್ತಿಲು ದಾಟಿದ. ನಡುಮನೆಯಲ್ಲಿ ನಿಂತು, ಎರಡೂ ಕೈಯಲ್ಲಿ ಕಾಯನ್ನು ತಲೆಯ ಮೇಲೆತ್ತಿ, ತೇಜಸ್ವಿನಿ ಆರಿಸಿ ಹಾಕಿಸಿದ್ದ ಕೆನೆಬಣ್ಣದ ಕಾರ್ಪೆಟ್ಟಿನ ಮೇಲೆ ಅಪ್ಪಳಿಸಿದ.

ಒಂದೇ ಏಟಿಗೆ ಚೂರಾಯಿತು. ಒಳಗೆ ತುಂಬಿದ್ದ ಕುಂಕುಮ ಗೋಡೆಗೂ ಹಾರಿತು.

ಆಗ ಟಾಲಿವರನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನು ಕಿವಿಗಿಟ್ಟುಕೊಂಡ, ಕೇಳಿದ, ಗೋಡೆಗೆ ಒರಗಿ ಅತ್ತುಬಿಟ್ಟ. ಪೂರ್ವ ತೀರದ ಯಾವುದೋ ತಂಡದಲ್ಲಿ ಇಬ್ಬರು ರಿಸೀವರುಗಳು ಅಭ್ಯಾಸದಲ್ಲಿ ಕಾಲು ಉಳುಕಿಸಿಕೊಂಡಿದ್ದರಂತೆ. ಇವನು ಇವತ್ತೇ ವಿಮಾನ ಹತ್ತಿ ಹೋಗಬೇಕಂತೆ. ಹೊರಗೆ ಬಂದು ಬೋರಮ್ಮನವರ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡ.

"ನಾ ಯೋಳ್ನಿಲ್ವಾ," ಎಂದು ಬೋರಮ್ಮ ಅವನ ತಲೆ ಸವರಲು ಕೈಯೆತ್ತಿ, ಎಟುಕದೆ ಭುಜ ಸವರಿದರು. "ಎಪ್ಪತ್ ಸಾವ್ರ ಜನದ ದೃಷ್ಟಿ, ಒಂದೇ ಏಟ್ಗೆ ಹೊಂಟೋಯ್ತು."

"ಎಲ್ಲಿಗವ್ವಾ ಹೋಯ್ತು?" ಎಂದು ನಾಗಾರ್ಜುನ ಹುಲ್ಲಿನ ಮೇಲೆ ಬಿದ್ದಲ್ಲಿಂದಲೇ ಕೇಳಿದ.

ಬೋರಮ್ಮ ಹೊಸ ಮನೆಯ ಒಳಗಡೆಗೆ ನೋಡಿ ಮೆಲ್ಲಗೆ ಸೆರಗು ಸರಿಮಾಡಿಕೊಂಡರು.

"ಒಳಗಡೆ ಒಡೆದದ್ದಕ್ಕೆ ಶಾಂತಿ ಆಗ್ಬೇಕು. ಅಲ್ಲೀವರೆಗೂ ಹಾಲುಕ್ಕಿಸೋ ಹಾಗಿಲ್ಲ, ಮಲಗೋ ಹಾಗಂತೂ ಇಲ್ಲವೇ ಇಲ್ಲ. ಇನ್ನು ಮುಹೂರ್ತ ಕಾರ್ತೀಕದಲ್ಲೇ," ಎಂದು ವ್ಯಾಸರಾಜರು ಚೀಲ ಹೆಗಲಿಗೇರಿಸಿ ಸನ್ನಿವೇಲಿಗೆ ಹೊರಟರು. ವಿರುಪಾಕ್ಷಪ್ಪ, "ಆದ್ರೂ ನಾ ಒಗದ ಪಾಸ್ ಛಲೋ ಇತ್ತಲ್ರಿ," ಎಂದು ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳತೊಡಗಿದರು.

ಟಾಲಿವರನಿಗೆ ತಾನು ಏನು ಮಾಡಿದೆನೆಂದು ತಿಳಿದು ಮುಖ ಸಣ್ಣದಾಯಿತು. ತನ್ನ ಮನೆಗೆ ಹೋಗಿ ಒಂದು ಪೆಟ್ಟಿಗೆ ತುಂಬಿಕೊಂಡು ಬಂದು, ಆ ಮನೆಯ ಬೀಗದ ಕೈಯನ್ನು ನಾಗಾರ್ಜುನನ ಅಂಗೈಯಲ್ಲಿಟ್ಟು ಮುಚ್ಚಿದ. ಸೀಸನ್ ಮುಗಿಯುವವರೆಗೂ ಮನೆ ಖಾಲಿ, ಎಷ್ಟು ದಿನ ಬೇಕಾದರೂ ಇರಿ ಎಂದ. ಟ್ಯಾಕ್ಸಿ ಬೀದಿಯ ತಿರುವು ದಾಟುವವರೆಗೂ ಕಿಟಕಿಯಿಂದ ಕೈಬೀಸಿದ.

ಬೆಳಿಗ್ಗೆಯಿಂದ ಮೊದಲ ಸಲ ನಾಗಾರ್ಜುನನಿಗೆ ಉಸಿರು ಸರಾಗವಾಯಿತು. ನಾಲ್ಕು ಬೆಡ್‌ರೂಮು, ಬಾಡಿಗೆಯಿಲ್ಲ. ಅವನು ಟ್ರಕ್ಕಿನಿಂದ ಪಾತ್ರೆಯ ಡಬ್ಬವನ್ನು ಹೊತ್ತುಕೊಂಡು ಟಾಲಿವರನ ಮೆಟ್ಟಿಲು ಹತ್ತಿ, ಬೀಗ ತೆಗೆದು, ಬಲಗಾಲು ಎತ್ತಿದ.

"ನಿಂತ್ಕೊ ಮಗ," ಎಂದರು ಹಿಂದಿನಿಂದ ಬೋರಮ್ಮ. "ಯಾರ್ದಾದ್ರೇನು, ನಮ್ಗೆ ಹೊಸ ಮನೆ ಅಲ್ವಾ. ಅಂಗೇ ನುಗ್ಗಕ್ಕಾದದಾ? ಎಲ್ಲಿಂದಾರ ಒಂದು ಬೂದುಗುಂಬ್ಳಕಾಯಿ ತಕಂಬಾ."

ನಾಗಾರ್ಜುನ ಎತ್ತಿದ ಕಾಲನ್ನು ಹಿಂದಕ್ಕಿಟ್ಟ. ಬೀದಿಯುದ್ದಕ್ಕೂ ಕಿತ್ತಳೆ ಕುಂಬಳಕಾಯಿಗಳು ಅವನನ್ನೇ ನೋಡಿ ಹಲ್ಲು ಕಿರಿಯುತ್ತಿದ್ದವು. ಅವನು ಡಬ್ಬವನ್ನು ಹೊತ್ತುಕೊಂಡೇ ಇಳಿದು ಬಂದು ಟ್ರಕ್ಕಿನ ಹಿಂಬಾಗಿಲನ್ನು ಪೂರ್ತಿ ತೆಗೆದ. ಸದ್ಯ, ಮಂಚ ಇನ್ನೂ ಒಳಗೇ ಇತ್ತು.